ಯಾರ ಮುಂದೆ ಅಟೆನ್ಷನ್?

ಶಿಸ್ತು ಅಂದರೆ ಏನು? ಸರ್ಕಾರ ವಿಶ್ವವಿದ್ಯಾಲಯಗಳಿಗೆ ಕೊಡುವ ಉತ್ತರ ನಮಗೆ ಗೊತ್ತು. 1917ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಬ್ರಿಟಿಷರು ಕಾಲೇಜು ಹುಡುಗರ ಪಡೆ ಕಟ್ಟಿದರು. 1948ರ ಕಾಯ್ದೆಯಿಂದ ಎನ್‌ಸಿಸಿ ಬಂತು. ಚೀನಾ ಯುದ್ಧದ ಮರುವರ್ಷ, 1963ರಲ್ಲಿ, ಕಾಲೇಜುಗಳಲ್ಲಿ ಅದು ಕಡ್ಡಾಯವಾಯಿತು. 1968ರಲ್ಲಿ ಮತ್ತೆ ಇಷ್ಟ ಇದ್ದವರಿಗೆ ಅಂತಾಯಿತು. 2021ರ ಏಪ್ರಿಲ್‌ನಲ್ಲಿ ಯುಜಿಸಿ ಕುಲಪತಿಗಳಿಗೆ ಪತ್ರ ಬರೆದು, ಎನ್‌ಸಿಸಿಯನ್ನು ಪದವಿಯ ಐಚ್ಛಿಕ ವಿಷಯ ಮಾಡಿ ಎಂದಿತು. ಆರು ಸೆಮಿಸ್ಟರು, 24 ಕ್ರೆಡಿಟ್ಟು.

ಈ ಪತ್ರವನ್ನು ನಾವು ಕೇರಿಯಲ್ಲಿ ಕೂತು ಓದಬೇಕು. ನಂಜನಗೂಡು, ನರಸೀಪುರದ ಕೇರಿಗಳಿಗೆ ಶಿಸ್ತು ಹೊಸದಲ್ಲ. ಮೆಟ್ಟು ಕಳಚಿ ಕೈಲಿ ಹಿಡಿದು ಮೇಲಿನ ಬೀದಿ ದಾಟಿದ, 'ಬುದ್ಧೀ' ಅಂತ ನಡು ಬಗ್ಗಿಸಿ ನಿಂತ ನಮ್ಮ ತಾತಂದಿರಿಗೆ ಯಾವ ಹವಾಲ್ದಾರನೂ ಡ್ರಿಲ್ ಹೇಳಿಕೊಟ್ಟಿರಲಿಲ್ಲ. ಜಾತಿಯೇ ಹೇಳಿಕೊಟ್ಟಿತ್ತು. 1993ರಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ದೇವಸ್ಥಾನ ಪ್ರವೇಶದ ಜಗಳದ ಬೆನ್ನಿಗೆ ಮೂವರು ದಲಿತರ ಕೊಲೆಯಾಯಿತು. ಸಾಲು ತಪ್ಪಿದವರಿಗೆ ಜಾತಿ ಕೊಡುವ ಶಿಕ್ಷೆ ಅದು.

ಹಾಗಾದರೆ ಬೂಟು ಬಂದೂಕಿನ ಸಹವಾಸವೇ ಬ್ಯಾಡ ಅನ್ನೋಣವೆ? ಅಷ್ಟು ಸಲೀಸಾಗಿ ಅನ್ನಲಾರೆವು. ಬಾಬಾಸಾಹೇಬರ ತಂದೆ ರಾಮಜಿ ಸೇನೆಯ ಸುಬೇದಾರರು, ಸೇನೆಯ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಅಗ್ರಹಾರ ಬಚ್ಚಿಟ್ಟ ಅಕ್ಷರ ಆ ಮನೆಗೆ ದಂಡಿನ ದಾರಿಯಿಂದ ಬಂತು. 1890ರ ದಶಕದಲ್ಲಿ ಬ್ರಿಟಿಷರು ಮಹಾರರು 'ಯುದ್ಧ ಮಾಡುವ ಕುಲ'ದವರಲ್ಲ ಎಂದು ಆ ಬಾಗಿಲು ಮುಚ್ಚಿದರು. ಮಹಾಯುದ್ಧದಲ್ಲಿ ಆಳು ಬೇಕಾದಾಗ ತೆರೆದರು, ಯುದ್ಧ ಮುಗಿದ ಮೇಲೆ ಮತ್ತೆ ಮುಚ್ಚಿದರು. ಮಹಾರ್ ರೆಜಿಮೆಂಟ್ ಹುಟ್ಟಿದ್ದು 1941ರಲ್ಲಿ, ಅಂಬೇಡ್ಕರರ ಒತ್ತಾಯವೂ ಸೇರಿ. ಪ್ರಾಣ ಕೊಡೋಕೂ ಅನುಮತಿ ಕೇಳಬೇಕಾದ ಜನ ನಾವು!

ಆದರೆ ಆ ದಂಡಿನ ಮಂದಿ ಕಲಿತದ್ದನ್ನು ಎಲ್ಲಿಗೆ ಒಯ್ದರು ನೋಡಿ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ನೀರು ಮುಟ್ಟಲು ಹೊರಟವರಲ್ಲಿ ಸೇನೆಯಿಂದ ನಿವೃತ್ತರಾದ ಮಹಾರರೂ ಇದ್ದರು. ಸಾಲು ಹಿಡಿದು ನಡೆಯೋದನ್ನು ಅವರು ದೊರೆಗಾಗಿ ಕಲಿತಿದ್ದರು. ಅವತ್ತು ನಡೆದದ್ದು ತಮಗಾಗಿ. ಹೆಜ್ಜೆ ಅದೇ. ಅಪ್ಪಣೆ ಮಾತ್ರ ಅವರದೇ ಎದೆಯಿಂದ ಬಂದಿತ್ತು.

ಅಪ್ಪಣೆ ಯಾರದು ಎಂದು ಕೇಳುವುದು ಕಲಿತವನಿಗೆ ಶಿಸ್ತು ಬಲ. ಕೇಳದವನಿಗೆ ಅದು ಜೀತ. ಕೇಳುವುದನ್ನು ಕಲಿಸಬೇಕಾದ ಜಾಗವೇ ವಿಶ್ವವಿದ್ಯಾಲಯ. ಹೇಳಿದ್ದು ಪಾಲಿಸುವುದಕ್ಕೆ ಅಲ್ಲಿ 24 ಕ್ರೆಡಿಟ್ ಇರುವುದಾದರೆ, ಅನ್ಯಾಯದ ಅಪ್ಪಣೆಗೆ 'ಒಲ್ಲೆ' ಅನ್ನುವುದಕ್ಕೆ ಎಷ್ಟು? ಕ್ಯಾಂಪಿನಲ್ಲಿ ಒಂದೇ ಹಂಡೆಯ ಅನ್ನ ಉಂಡ ಹೈಕಳು ಊರಿಗೆ ಬಂದ ಮೇಲೆ ಒಂದೇ ಹೋಟೆಲಿನಲ್ಲಿ ಒಂದೇ ಲೋಟದಲ್ಲಿ ಟೀ ಕುಡಿದಾರೆಯೆ? ಇದನ್ನು ಯಾವ ಪರೀಕ್ಷೆಯೂ ಕೇಳುವುದಿಲ್ಲ.

ಪೊಲೀಸಿಗೋ ಮಿಲಿಟರಿಗೋ ಸೇರಲು 'ಸಿ' ಸರ್ಟಿಫಿಕೇಟಿನ ಆಸೆ ಇಟ್ಟುಕೊಂಡ ಕೇರಿಯ ಮಗನನ್ನು, ಮಗಳನ್ನು ನಾವು ಹಳಿಯುವುದಿಲ್ಲ. ಹೊಟ್ಟೆಯ ದಾರಿ ಅದು. ಹಳ್ಳಿಯ ಮೇಷ್ಟ್ರುಗಳಿಗೆ ನಮ್ಮದೊಂದು ಮಾತು: ಪೆರೇಡು ಮುಗಿಸಿ ಬಂದ ಆ ಮಕ್ಕಳಿಗೆ ಮಹಾಡದ ಕಥೆ ಹೇಳಿ. ಸಂವಿಧಾನದ 17ನೇ ವಿಧಿ ಓದಿಸಿ. ಅಸ್ಪೃಶ್ಯತೆ ಅಪರಾಧ ಅನ್ನೋದೂ ಈ ದೇಶದ ಅಪ್ಪಣೆಯೇ. ಅದಕ್ಕೆ ಊರಿನ ಎಷ್ಟು ಮಂದಿ ಅಟೆನ್ಷನ್ ನಿಂತಿದ್ದಾರೆ ಅಂತ ಆ ಮಕ್ಕಳೇ ಎಣಿಸಲಿ.