ನೋಡುವವರ ಲೆಕ್ಕ

ಲೆಕ್ಕ ಕೇಳುವುದು ಅವಿಶ್ವಾಸದ ಲಕ್ಷಣವೆಂದು ಹಲವರು ಭಾವಿಸುತ್ತಾರೆ. ವ್ಯಾಪಾರದಲ್ಲಿ ಬಾಳಿದವರಿಗೆ ಇದರ ವಿರುದ್ಧವೇ ಸತ್ಯವೆಂದು ತೋರುತ್ತದೆ. ಲೆಕ್ಕ ತೋರಿಸುವವನ ಮೇಲೆಯೇ ನಂಬಿಕೆ ನಿಲ್ಲುತ್ತದೆ. ಹಾಗಾದರೆ, ಸರ್ಕಾರವು ಪ್ರಜೆಗಳ ಸಂಚಾರವನ್ನೇ ದಾಖಲಿಸತೊಡಗಿದಾಗ, ಆ ದಾಖಲೆಯನ್ನು ಕೇಳುವ ಅಧಿಕಾರ ಪ್ರಜೆಗೆ ಎಷ್ಟರಮಟ್ಟಿಗೆ ಉಂಟು? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ಒಂದು ವ್ಯಾಜ್ಯವು ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಟ್ಟಿತು.

ಅಲ್ಲಿನ ಪೊಲೀಸರು ರಸ್ತೆಬದಿಯ ಕಂಬಗಳಲ್ಲಿಯೂ ಗಸ್ತಿನ ವಾಹನಗಳಲ್ಲಿಯೂ ಕ್ಯಾಮೆರಾಗಳನ್ನು ಅಳವಡಿಸಿ, ಹಾದುಹೋಗುವ ವಾಹನಗಳ ನಂಬರ್ ಪ್ಲೇಟನ್ನು ದಿನಾಂಕ, ವೇಳೆ, ಸ್ಥಳಗಳೊಡನೆ ಸಂಗ್ರಹಿಸುತ್ತಾರೆ. ಕಳವಾದ ಅಥವಾ ಬೇಕಾದ ವಾಹನಗಳ ಪಟ್ಟಿಯೊಡನೆ ಅದನ್ನು ತಾಳೆ ನೋಡಲಾಗುತ್ತದೆ. 2012ರಲ್ಲಿ ಎರಡು ನಾಗರಿಕ ಹಕ್ಕು ಸಂಸ್ಥೆಗಳು ಲಾಸ್ ಏಂಜಲೀಸ್ ನಗರ ಪೊಲೀಸರಿಂದಲೂ ಕೌಂಟಿಯ ಶೆರಿಫ್ ಇಲಾಖೆಯಿಂದಲೂ ಒಂದು ವಾರದ ದಾಖಲೆಗಳನ್ನು ಕೋರಿದವು. ನಗರ ಪೊಲೀಸರೇ ವಾರಕ್ಕೆ ಸುಮಾರು 12 ಲಕ್ಷ ವಾಹನಗಳನ್ನು ದಾಖಲಿಸಿ, ಐದು ವರ್ಷ ಇಟ್ಟುಕೊಳ್ಳುತ್ತಿದ್ದರು. ಇವೆಲ್ಲ ತನಿಖೆಯ ಕಡತಗಳು, ಆದ್ದರಿಂದ ಕೊಡಲಾಗದು ಎಂಬುದು ಇಲಾಖೆಗಳ ಉತ್ತರವಾಗಿತ್ತು.

2017ರ ಆಗಸ್ಟ್‌ನಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಈ ವಾದವನ್ನು ಒಪ್ಪಲಿಲ್ಲ. ಯಾವ ಶಂಕೆಯೂ ಇಲ್ಲದ ಲಕ್ಷಾಂತರ ವಾಹನಗಳನ್ನು ಸಾರಾಸಗಟಾಗಿ ದಾಖಲಿಸುವುದು ತನಿಖೆಯೆನಿಸದು ಎಂದಿತು. ಆದರೆ ದಾಖಲೆಗಳನ್ನು ಇದ್ದಂತೆಯೇ ಬಯಲು ಮಾಡಿದರೆ ಜನರ ಖಾಸಗಿತನಕ್ಕೆ ಭಂಗವೆಂದೂ ಹೇಳಿ, ಗುರುತು ಮರೆಸಿ ಕೊಡಬಹುದೇ ಎಂಬ ವಿಚಾರವನ್ನು ಕೆಳ ನ್ಯಾಯಾಲಯಕ್ಕೆ ಮರಳಿಸಿತು.

ಧರ್ಮಸೂಕ್ಷ್ಮವಿರುವುದು ಇಲ್ಲಿಯೇ. ಇಂದು ಸಜ್ಜನನಿಗೆ ದೊರೆತ ದಾಖಲೆ ನಾಳೆ ದ್ವೇಷಿಯೊಬ್ಬನಿಗೂ ದೊರೆಯುತ್ತದೆ. ಮನೆ ಬಿಟ್ಟು ಬಂದ ಹೆಣ್ಣುಮಗಳು ಎಲ್ಲಿ ಆಶ್ರಯ ಪಡೆದಳು, ರೋಗಿಯು ಯಾವ ವೈದ್ಯರ ಬಾಗಿಲಿಗೆ ಹೋದನು ಎಂಬುದೆಲ್ಲ ಅದರಲ್ಲಿರಬಹುದು. ಕಾವಲುಗಾರನನ್ನು ಪರೀಕ್ಷಿಸಲು ಹೊರಟವನು ನೆರೆಮನೆಯ ಕಿಟಕಿಯಲ್ಲಿ ಇಣುಕಿದಂತಾಗುತ್ತದೆ.

ಆದಕಾರಣ ಏನನ್ನೂ ಕೊಡಕೂಡದೆನ್ನೋಣವೇ? ಆಗ ಪ್ರಜೆಯ ಖಾಸಗಿತನವು, ಅದನ್ನು ಮೊದಲು ಮುಟ್ಟಿದವರಿಗೇ ರಕ್ಷಾಕವಚವಾದೀತು. ಇದು ನ್ಯಾಯವಲ್ಲ.

ಲೆಕ್ಕಪರಿಶೋಧಕನ ಕ್ರಮವು ಇಲ್ಲಿ ದಾರಿ ತೋರುತ್ತದೆ. ಅವನು ಗ್ರಾಹಕನ ಗುಟ್ಟನ್ನು ಬೀದಿಗೆ ತರುವುದಿಲ್ಲ. ಪುಸ್ತಕವನ್ನು ಯಾರು ಬರೆದರು, ಯಾವ ನಿಯಮದಂತೆ ಬರೆದರು ಎಂಬುದನ್ನು ನೋಡುತ್ತಾನೆ. ಕ್ಯಾಲಿಫೋರ್ನಿಯಾದಲ್ಲಿ 2016ರಿಂದ ಜಾರಿಗೆ ಬಂದ ಕಾನೂನಿನಂತೆ, ಇಂತಹ ಕ್ಯಾಮೆರಾಗಳನ್ನು ಬಳಸುವ ಸಂಸ್ಥೆಯು ತನ್ನ ನೀತಿಯನ್ನು ಪ್ರಕಟಿಸಬೇಕು. ಯಾರು, ಯಾವಾಗ, ಯಾವ ಉದ್ದೇಶಕ್ಕೆ ಮಾಹಿತಿಯನ್ನು ಹುಡುಕಿದರೆಂಬುದನ್ನೂ ಬರೆದಿಡಬೇಕು. 2020ರ ಫೆಬ್ರವರಿಯಲ್ಲಿ ರಾಜ್ಯದ ಲೆಕ್ಕಪರಿಶೋಧಕರು ನಾಲ್ಕು ಇಲಾಖೆಗಳನ್ನು ಪರಿಶೀಲಿಸಿದರು. ಲಾಸ್ ಏಂಜಲೀಸ್ ಪೊಲೀಸರ ಬಳಿಯಿದ್ದ 32 ಕೋಟಿ ಚಿತ್ರಗಳಲ್ಲಿ ಶೇ. 99.9ರಷ್ಟು, ತೆಗೆದ ಹೊತ್ತಿನಲ್ಲಿ ಯಾವ ಪಟ್ಟಿಯಲ್ಲಿಯೂ ಇಲ್ಲದ ವಾಹನಗಳವು. ಸಿಬ್ಬಂದಿ ನಡೆಸಿದ ಹುಡುಕಾಟಗಳನ್ನು ಈ ಇಲಾಖೆಗಳು ಸರಿಯಾಗಿ ತಪಾಸಣೆ ಮಾಡಿಯೇ ಇರಲಿಲ್ಲ. ಇಷ್ಟು ದೊಡ್ಡ ಸತ್ಯವು ಒಬ್ಬನೇ ಒಬ್ಬ ಪ್ರಯಾಣಿಕನ ಗುಟ್ಟನ್ನೂ ಬಯಲು ಮಾಡದೆ ಹೊರಬಂದಿತೆಂಬುದು ಗಮನಾರ್ಹ.

ಆದ್ದರಿಂದ ಕೇಳುವವನಿಗೂ ಒಂದು ಸಂಯಮ ಬೇಕು. ಕ್ಯಾಮೆರಾಗಳೆಷ್ಟು, ದಾಖಲೆಗಳನ್ನು ಎಷ್ಟು ದಿನ ಇಡುತ್ತಾರೆ, ಯಾರೊಡನೆ ಹಂಚಿಕೊಳ್ಳುತ್ತಾರೆ, ಯಾರು ಏತಕ್ಕೆ ಹುಡುಕಿದರು ಎಂಬುದನ್ನು ಸಂಕೋಚವಿಲ್ಲದೆ ಕೇಳಬೇಕು. ಇದು ಹಕ್ಕಷ್ಟೇ ಅಲ್ಲ, ಪ್ರಜೆಯ ಕರ್ತವ್ಯ. ನೆರೆಯವನು ನಿನ್ನೆ ಎಲ್ಲಿಗೆ ಹೋಗಿದ್ದನೆಂಬುದನ್ನು ಮಾತ್ರ, ಕಾನೂನು ಕೊಡಿಸಿದರೂ, ಕೇಳದಿರುವುದೇ ಲೇಸು. ಅಧಿಕಾರವಿರುವವರು ಬಯಲಿನಲ್ಲಿರಲಿ, ದಾರಿಹೋಕನು ತನ್ನ ಪಾಡಿಗೆ ಹೋಗಲಿ.