ಚೈನ್ ಹೊಸದು

ಮೂರು ವರ್ಷದ ಹಿಂದೆ ನನ್ನ 150 ಸಿಸಿ ಬೈಕು ಮಾರಲು ಹೊರಟಾಗ ಅದರ ಚೈನ್ ಜೋತುಬಿದ್ದು ಕವರಿಗೆ ಬಡಿಯುತ್ತಿತ್ತು. ಶಿವಮೊಗ್ಗದ ನಮ್ಮ ಬೀದಿಯ ಮೆಕ್ಯಾನಿಕ್ ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳ ಮೇಲೆ ಹೆಬ್ಬೆರಳಾಡಿಸಿ, "ಕೊಕ್ಕೆ ಆಗ್ಬಿಟ್ಟಿದೆ ಸಾರ್, ಪೂರ್ತಿ ಸೆಟ್ ಹಾಕ್ಬೇಕು" ಎಂದ. "ಮಾರೋ ಗಾಡಿ ಅಲ್ವೇನಪ್ಪ, ಚೈನ್ ಒಂದೇ ಹಾಕು" ಎಂದೆ. ಮುಖ ನೋಡಿದ, ಹಾಕಿದ.

ಚೈನ್ ಎಳೆದುಕೊಂಡಿದೆ ಎನ್ನುತ್ತೇವಲ್ಲ, ಉಕ್ಕು ಹಾಗೆ ಹಿಗ್ಗುವುದಿಲ್ಲ. ಒಂದೊಂದು ಕೊಂಡಿಯ ಪಿನ್ನೂ ಬುಷ್ಷೂ ಚೂರುಚೂರೇ ಸವೆಯುತ್ತವೆ. ನೂರಕ್ಕೂ ಹೆಚ್ಚು ಕೊಂಡಿಗಳ ಸವೆತ ಕೂಡಿ ಚೈನ್ ಉದ್ದವಾಗುತ್ತದೆ. 428 ಸೈಜಿನ ಚೈನಿನಲ್ಲಿ ಪಿನ್ನಿಂದ ಪಿನ್ನಿಗೆ 12.7 ಮಿ.ಮೀ., 20 ಕೊಂಡಿಗೆ 254. ನನ್ನದು 260 ದಾಟಿತ್ತು. ಹಾಗೆ ಉದ್ದವಾದದ್ದು ಹಲ್ಲಿನ ಬುಡ ಬಿಟ್ಟು ಮೇಲೇರಿ, ಹಲ್ಲುಗಳನ್ನೂ ತನ್ನ ಅಳತೆಗೇ ಕೆತ್ತುತ್ತದೆ. ಕೆತ್ತಿದ ಹಲ್ಲಿಗೆ ಹೊಸ ಚೈನ್ ಹಾಕಿದರೆ ಅದೂ ಬೇಗ ಹೋಯಿತು. ಹಿಂದಿನ ಸ್ಪ್ರಾಕೆಟ್ ಒಂದು ಸುತ್ತು ಹಾಕುವಷ್ಟರಲ್ಲಿ ಎಂಜಿನ್ ಬದಿಯ ಪುಟ್ಟ ಸ್ಪ್ರಾಕೆಟ್ ಮೂರರ ಹತ್ತಿರ ಹಾಕುತ್ತದೆ. ಅದರ ಗತಿ ಕವರಿನೊಳಗೆ ಯಾರಿಗೆ ಕಾಣುತ್ತದೆ?

ಕೊಳ್ಳಲು ಬಂದವನು ಮಂಡಗದ್ದೆ ಕಡೆಯ ಹುಡುಗ, ದಿನಾ ಊರಿಂದ ಶಿವಮೊಗ್ಗಕ್ಕೆ ಓಡಾಡುವವನು. "ಚೈನ್ ಹೊಸದು" ಎಂದೆ. ಅಕ್ಷರವೂ ಸುಳ್ಳಲ್ಲ. ಚಕ್ರ ತಿರುಗಿಸಿ, ಮಿರುಗುವುದನ್ನು ನೋಡಿ, ಚೌಕಾಸಿಯನ್ನೂ ಹೆಚ್ಚು ಮಾಡದೆ ದುಡ್ಡೆಣಿಸಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಗೇಟಿನ ಬಳಿ ಬಂದು ನಿಂತ. ಹಳೇ ಗಾಡಿ, ನೋಡಿ ತಾನೇ ತಗೊಂಡಿದ್ದು ಎಂದು ನಾನು ಮಾತು ಜೋಡಿಸಿಕೊಳ್ಳುತ್ತಿದ್ದೆ.

"ಸಾರ್, ಏರಿನಲ್ಲಿ ಚೈನ್ ಕಟಕ್ ಅಂತ ಹಾರ್ತಿದೆ. ನಾನು ಎಣ್ಣೆ ಸರಿಯಾಗಿ ಹಾಕ್ಲಿಲ್ಲ ಅನ್ಸುತ್ತೆ. ನೀವು ಯಾವ ಎಣ್ಣೆ ಹಾಕ್ತಿದ್ರಿ?"

ಹೇಳಿಕೊಟ್ಟೆ. ಸೀಮೆಎಣ್ಣೆಯಲ್ಲಿ ಬ್ರಷ್ಷಿನಿಂದ ತೊಳೆದು ಒರೆಸಬೇಕು, ಆಮೇಲೆ 90 ನಂಬರ್ ಗೇರ್ ಆಯಿಲ್ ಒಳಮಗ್ಗುಲಿಂದ ಬಿಡಬೇಕು, 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ಇನ್ನೂ ಬೇಗ. ಸಡಿಲ ಎರಡೂವರೆ ಸೆಂಟಿಮೀಟರ್ ಸುಮಾರಿಗೆ ಇಟ್ಟುಕೋ. ಅವನು ಮೊಬೈಲಿನಲ್ಲಿ ಬರೆದುಕೊಂಡ.

ಮಾರುವಾಗಿನ ಆಟಕ್ಕೆ ಸಬೂಬು ಸಿಗುತ್ತದೆ. ಹಳೇ ಗಾಡಿಗೆ ಪಾಲಿಶ್ ಹಚ್ಚದೆ ಮಾರಿದವರು ಎಷ್ಟು ಜನ? ನನ್ನನ್ನು ಕೊರೆಯುವುದು ಆ ಸಂಜೆಯ ಪಾಠ. ಮೋಸ ಹೋದವನು ತಪ್ಪು ತನ್ನದೇ ಎಂದು ತಾನಾಗಿ ತಂದುಕೊಟ್ಟ. ನಾನು ಅದನ್ನು ಇಸಿದುಕೊಂಡು, ಮೇಲೆ ಮೇಷ್ಟರ ಕುರ್ಚಿಯನ್ನೂ ಎಳೆದುಕೊಂಡು ಕೂತೆ. ಮೆಕ್ಯಾನಿಕ್ಕಿಗೂ ಇದರಲ್ಲಿ ಒಂದು ಪಾಲು ಅಂಟಿಸಲು ನೋಡಿದೆ, ಅಂಟಲಿಲ್ಲ. ಅವನು ಒಮ್ಮೆ ಹೇಳಿದ್ದ; ಎರಡು ಸಲ ಹೇಳಿಸಿಕೊಳ್ಳುವ ಗಿರಾಕಿಗಳು ಅವನಿಗಿಲ್ಲ.

ವಾರ ಕಳೆದು ಫೋನ್ ಮಾಡಿದೆ. "ಗಾಡಿ ತಗೊಂಡು ಬಾ, ಸೆಟ್ ಹಾಕ್ಸೋಣ, ದುಡ್ಡು ನಾನು ಕೊಡ್ತೀನಿ."

"ಆಗ್ಲೇ ಹಾಕ್ಸಿದೆ ಸಾರ್. ಬಿಚ್ಚಿದಾಗ ಮುಂದಿನ ಸ್ಪ್ರಾಕೆಟ್ ತೋರ್ಸಿದ್ರು."

ಎಣ್ಣೆಯ ವಿಷಯ ಅವನು ಮತ್ತೆ ಎತ್ತಲಿಲ್ಲ.