ಸುತ್ತೋಲೆ ಇಲ್ಲದ ಸಭೆ

ಬ್ಯಾಂಕಿನ ಗುಮಾಸ್ತನಾದ ನನಗೆ ಪ್ರಧಾನ ಕಚೇರಿಯ ಸುತ್ತೋಲೆ ಬಂದರೆ ಮುಗಿಯಿತು. ಸಹಿ ಹಾಕಬೇಕು, ಪಾಲಿಸಬೇಕು. ಅಮೆರಿಕದ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್‌ನ ವಿಷಯ ಓದಿ ಬೆರಗಾದದ್ದು ಅದಕ್ಕೇ. 1957ರಲ್ಲಿ ಎರಡು ಪಂಗಡಗಳು ಕೂಡಿ ಆದ ಈ ಚರ್ಚಿನಲ್ಲಿ ಆಯಾ ಊರಿನ ಸಭೆಯೇ ಸ್ವತಂತ್ರ. ಪಾದ್ರಿಯನ್ನು ಆರಿಸುವುದೂ ಆಸ್ತಿ ನೋಡಿಕೊಳ್ಳುವುದೂ ಅದೇ. ಜನರಲ್ ಸಿನೊಡ್ ಎಂಬ ಮಹಾಸಭೆ ಅವುಗಳಿಗೆ ಬುದ್ಧಿ ಹೇಳಬಹುದು, ಅಪ್ಪಣೆ ಮಾಡುವಂತಿಲ್ಲ. ವಿಶ್ವಾಸಪ್ರಮಾಣಗಳೂ ಅಲ್ಲಿ ಸಾಕ್ಷ್ಯ ಮಾತ್ರ, ಪರೀಕ್ಷೆಯಲ್ಲ.

ಇದರ ಪೂರ್ವಿಕ ಪಂಗಡದ ಒಂದು ಹಳ್ಳಿ ಸಭೆ, ನ್ಯೂಯಾರ್ಕ್ ರಾಜ್ಯದ ಸೌತ್ ಬಟ್ಲರ್‌ನಲ್ಲಿ, 1853ರಲ್ಲೇ ಅಂಟೊನೆಟ್ ಬ್ರೌನ್ ಎಂಬ ಮಹಿಳೆಗೆ ಪಾದ್ರಿದೀಕ್ಷೆ ಕೊಟ್ಟಿತು. ಮೇಲಿನ ಅಪ್ಪಣೆಗೆ ಕಾದಿದ್ದರೆ ಆಗುತ್ತಿತ್ತೇ? ಆದರೆ 2005ರಲ್ಲಿ ಅಟ್ಲಾಂಟದ ಮಹಾಸಭೆ ಸಲಿಂಗಿಗಳ ಮದುವೆಯ ಹಕ್ಕನ್ನು ಎತ್ತಿಹಿಡಿದಾಗ, ಒಪ್ಪದ ಸಭೆಗಳು ಅದೇ ಸ್ವಾತಂತ್ರ್ಯ ಹಿಡಿದು ನಿಂತವು. ಹಲವು ಹೊರಟೇ ಹೋದವು.

ಒಪ್ಪದ ಸಭೆಯ ಕೊನೆಯ ಬೆಂಚಿನಲ್ಲಿ ಕುಳಿತ ಸಲಿಂಗಿ ತರುಣನ ಗತಿಯೇನು?

ಕಾಸರಗೋಡಿನವನಿಗೆ ಇದು ದೂರದ ಪ್ರಶ್ನೆಯಲ್ಲ. 1956ರಲ್ಲಿ ಮೇಲಿನಿಂದ ಆದ ತೀರ್ಮಾನದ ಕೊರಗು ನಮಗುಂಟು. ಆದರೂ ಮಕ್ಕಳಿಗೆ ಕನ್ನಡದಲ್ಲಿ ಪಾಠ ಬೇಕೆಂದಾಗ ನಾವು ಹಿಡಿಯುವುದು ಸಂವಿಧಾನದ 350-ಎ ವಿಧಿಯನ್ನು. ಅದೂ ಮೇಲಿನದೇ ತಾನೆ? ಹಾಗಾಗಿ ಆ ಸಭೆಯನ್ನು ಬಲವಂತವಾಗಿ ಒಪ್ಪಿಸಿ ಎನ್ನಲು ನನಗೆ ಬಾಯಿ ಬಾರದು, ತರುಣನಿಗೆ ಕಾಯಪ್ಪಾ ಎನ್ನಲೂ ಬಾರದು.

ಇಂಥವರನ್ನು ಸ್ವಾಗತಿಸುತ್ತೇವೆಂದು ಸಾರಿಕೊಳ್ಳಲು 1985ರ ಮಹಾಸಭೆ ಸಭೆಗಳಿಗೆ ಕರೆಕೊಟ್ಟಿತ್ತು. ಹಾಗೆ ಸಾರಿದ ಸಭೆಗಳಿವೆ, ಅಲ್ಲಿಗೆ ಹೋಗಲಿ ಎನ್ನಬಹುದು. ಕನ್ನಡ ಬೇಕಾದರೆ ಮಂಗಳೂರಿಗೆ ಹೋಗಿ ಎಂದು ನಮಗೂ ಹೇಳಿದವರಿದ್ದಾರೆ.